ವಿಡಿಯೊ ಫ್ರೇಮಿನಿಂದ ಪೋಸ್ಟರ್: ಫೋಟೋ ಎಲ್ಲಿ ಒಡೆಯಿತು ಎಂದು ಹಿಡಿಯುವ ಬಗೆ

ದೀಪಾವಳಿ ಮುಗಿಯುತ್ತಲೇ ಹಾವೇರಿ ಸೀಮೆಯಲ್ಲಿ ಹೋರಿ ಬೆದರಿಸುವ ಸ್ಪರ್ಧೆಗಳು ಶುರು. ಅದರ ಬೆನ್ನಿಗೇ ಪ್ರಿಂಟಿಂಗ್ ಅಂಗಡಿಗಳಿಗೆ ಒಂದೇ ನಮೂನೆಯ ಕೆಲಸ ಬರತೊಡಗುತ್ತದೆ. ಮೊಬೈಲಿನಲ್ಲಿ ಹಿಡಿದ ಓಟದ ವಿಡಿಯೊ, ಅದರೊಳಗೆ ಹೋರಿ ಕತ್ತೆತ್ತಿದ ಒಂದು ಕ್ಷಣ, ಆ ಕ್ಷಣದ ಆರಡಿ-ನಾಲ್ಕಡಿ ಪೋಸ್ಟರ್ ಬೇಕು. ಧಾರವಾಡದಲ್ಲಾದರೆ ಹಳೆಯ ಸಂಗೀತ ಕಛೇರಿಯ ಕ್ಯಾಸೆಟ್, ಗದಗಿನಲ್ಲಿ ಜಾತ್ರೆಯ ತೇರು, ಎಲ್ಲ ಊರಲ್ಲೂ ಶ್ರದ್ಧಾಂಜಲಿ ಬ್ಯಾನರಿಗೆ ಯಾರದೋ ಮದುವೆ ಸಿಡಿಯೊಳಗಿನ ಮುಖ. ತರುವವರ ಮಾತು ಮಾತ್ರ ಒಂದೇ: "ಸ್ವಲ್ಪ ಕ್ಲಿಯರ್ ಮಾಡಿ ಕೊಡ್ರಿ, ಒಡೀಬಾರ್ದು ನೋಡ್ರಿ."

ಈ "ಒಡೆಯುವುದು" ಅನ್ನುವ ಒಂದು ಮಾತಿನೊಳಗೆ ಏಳೆಂಟು ಬೇರೆ ಬೇರೆ ಕಾಯಿಲೆಗಳು ಅಡಗಿವೆ. ಚೌಕ ಚೌಕ ಕಾಣುವುದು, ಬಾಚಣಿಗೆಯ ಹಲ್ಲಿನಂಥ ಗೆರೆ ಬರುವುದು, ಕುಂಕುಮದ ಅಂಚು ಮೆಟ್ಟಿಲಾಗುವುದು, ಮುಖ ಮೇಣದ ಗೊಂಬೆಯಂತಾಗುವುದು, ಬಣ್ಣ ಬೂದಿ ಬಳಿದಂತಾಗುವುದು. ಒಂದೊಂದಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಎಲ್ಲಕ್ಕೂ ಶಾರ್ಪನ್ (ಅಂಚನ್ನು ಚೂಪು ಮಾಡುವ ಆಯ್ಕೆ) ಒತ್ತಿದರೆ ಕಾಯಿಲೆಯೇ ದೊಡ್ಡದಾಗುತ್ತದೆ. ಬಹುಪಾಲು ಫೋಟೋ ಕೆಡುವುದು ಹಿಗ್ಗಿಸುವಾಗ ಅಲ್ಲ, ವಿಡಿಯೊದಿಂದ ಹೊರಗೆ ತೆಗೆಯುವಾಗ ಅಥವಾ ಅದಕ್ಕೂ ಮೊದಲು, ವಿಡಿಯೊ ಕೈಯಿಂದ ಕೈಗೆ ದಾಟುವಾಗ. ಹಾಗಾಗಿ ಹುಡುಕಾಟವನ್ನು ಅಲ್ಲಿಂದಲೇ ಶುರು ಮಾಡಬೇಕು.

ಮೊದಲು ಫೈಲನ್ನು ವಿಚಾರಿಸಿ

ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಫೈಲ್ ತೆರೆಯಿರಿ. ಅದಿಲ್ಲದಿದ್ದರೆ ವಿಡಿಯೊ ನೋಡುವ ಉಚಿತ ಪ್ಲೇಯರ್ ವಿಎಲ್‌ಸಿಯಲ್ಲಿ ಕಂಟ್ರೋಲ್ ಜತೆ ಜೆ ಒತ್ತಿ. ನೋಡಬೇಕಾದದ್ದು ನಾಲ್ಕು: ಅಗಲ-ಎತ್ತರ ಎಷ್ಟು ಪಿಕ್ಸೆಲ್, ಬಿಟ್‌ರೇಟ್ (ಒಂದು ಸೆಕೆಂಡ್ ವಿಡಿಯೊಗೆ ಬಳಸಿದ ಡೇಟಾ) ಎಷ್ಟು, ಸ್ಕ್ಯಾನ್ ಪ್ರೋಗ್ರೆಸಿವ್ (ಇಡೀ ಚಿತ್ರ ಒಟ್ಟಿಗೆ) ಇದೆಯೋ ಇಂಟರ್‌ಲೇಸ್ಡ್ (ಎರಡು ಅರ್ಧಚಿತ್ರಗಳ ಹೆಣಿಗೆ) ಇದೆಯೋ, ಎಚ್‌ಡಿಆರ್ (ಬೆಳಕು-ಕತ್ತಲಿನ ಹೆಚ್ಚು ಹರವಿನ ವಿಡಿಯೊ) ಎಂದು ಬರೆದಿದೆಯೋ ಇಲ್ಲವೋ. ಹಳೆಯ ವಿಸಿಡಿ ಆದರೆ 352×288, ಡಿವಿಡಿ ಮತ್ತು ಮಿನಿ ಡಿವಿ ಕ್ಯಾಸೆಟ್ ಆದರೆ 720×576, ಫುಲ್ ಎಚ್‌ಡಿ ಆದರೆ 1920×1080, 4ಕೆ ಆದರೆ 3840×2160 ಕಾಣುತ್ತದೆ. ಮೆಗಾಪಿಕ್ಸೆಲ್ ಲೆಕ್ಕದಲ್ಲಿ ಫುಲ್ ಎಚ್‌ಡಿ ಫ್ರೇಮ್ ಬರೀ 2, 4ಕೆ ಫ್ರೇಮ್ 8. ಹತ್ತು ವರ್ಷದ ಹಿಂದಿನ ಮೊಬೈಲಿನ ಫೋಟೋ ಕೂಡ ಫುಲ್ ಎಚ್‌ಡಿ ವಿಡಿಯೊ ಫ್ರೇಮಿಗಿಂತ ದೊಡ್ಡದು ಎಂಬುದನ್ನು ಗಿರಾಕಿಗೆ ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಗಿರಾಕಿ "4ಕೆದಾಗ ಹೊಡದೇವ್ರಿ" ಎಂದಿದ್ದು, ಫೈಲಿನಲ್ಲಿ 848×480 ಎಂದೋ 1280×720 ಎಂದೋ ಬಂದರೆ ದೋಷ ಸಿಕ್ಕಂತೆಯೇ. ವಿಡಿಯೊ ವಾಟ್ಸಾಪ್ ಹಾದಿಯಲ್ಲಿ ಬಂದಿದೆ. ವಾಟ್ಸಾಪ್ ಸಾಮಾನ್ಯವಾಗಿ ಕಳಿಸಿದ ವಿಡಿಯೊವನ್ನು ಕುಗ್ಗಿಸುತ್ತದೆ, ಎಚ್‌ಡಿ ಒತ್ತಿದರೂ ಮೂಲ ಫೈಲ್ ಉಳಿಯುವುದಿಲ್ಲ. ಅದೇ ವಿಡಿಯೊವನ್ನು "ಡಾಕ್ಯುಮೆಂಟ್" ಎಂದು ಆರಿಸಿ ಕಳಿಸಿದರೆ ಇದ್ದದ್ದು ಇದ್ದಂತೆಯೇ ಬರುತ್ತದೆ, 2 ಜಿಬಿವರೆಗೆ. ಪೆನ್‌ಡ್ರೈವ್ ಇನ್ನೂ ಒಳ್ಳೆಯದು. ಯೂಟ್ಯೂಬಿನಿಂದ ಇಳಿಸಿಕೊಂಡ ಫೈಲೂ ಇದೇ ಜಾತಿ. ಹಾಕಿದವರು ಸಿಗುವಂತಿದ್ದರೆ ಕ್ಯಾಮೆರಾದಿಂದ ನೇರ ಬಂದ ಫೈಲನ್ನೇ ಕೇಳಿ. ಮೂಲ ಫೈಲಿಗಾಗಿ ಮಾಡುವ ಒಂದು ಫೋನ್ ಕರೆ ಎಂಥ ಎಐ ಸಾಫ್ಟ್‌ವೇರಿಗಿಂತಲೂ ಹೆಚ್ಚು ಸ್ಪಷ್ಟತೆ ತಂದುಕೊಡುತ್ತದೆ.

ಎಷ್ಟು ಹಿಗ್ಗಬಹುದು: ಫ್ರೇಮನ್ನಲ್ಲ, ಹೋರಿಯನ್ನು ಅಳೆಯಿರಿ

ಅಂಗಡಿಗಳಲ್ಲಿ 300 ಡಿಪಿಐ, ಅಂದರೆ ಇಂಚಿಗೆ 300 ಚುಕ್ಕಿ, ಎಂಬ ಮಾತು ಮಂತ್ರದ ಹಾಗೆ ಓಡಾಡುತ್ತದೆ. ಕೈಯಲ್ಲಿ ಹಿಡಿದು ನೋಡುವ ಕರಪತ್ರಕ್ಕೆ ಅದು ಸರಿ. ಆ ಲೆಕ್ಕದಲ್ಲಿ ಫುಲ್ ಎಚ್‌ಡಿ ಫ್ರೇಮ್ 6.4×3.6 ಇಂಚಿಗೆ, 4ಕೆ ಫ್ರೇಮ್ 12.8×7.2 ಇಂಚಿಗೆ ಮುಗಿದುಹೋಗುತ್ತದೆ. ಆದರೆ ಪೋಸ್ಟರ್ ನೋಡುವವರು ದೂರ ನಿಂತು ನೋಡುತ್ತಾರೆ. ಸಾಧಾರಣ ಕಣ್ಣಿಗೆ ಎಷ್ಟು ಸಾಕು ಎಂಬುದಕ್ಕೆ ಸುಲಭ ಲೆಕ್ಕವಿದೆ: ನೋಡುವ ದೂರವನ್ನು ಇಂಚಿನಲ್ಲಿ ತೆಗೆದುಕೊಂಡು 3438ನ್ನು ಅದರಿಂದ ಭಾಗಿಸಿ. ಒಂದು ಅಡಿಯಿಂದ ನೋಡಿದರೆ ಇಂಚಿಗೆ 286 ಪಿಕ್ಸೆಲ್ ಬೇಕು, ಮೂರಡಿಯಿಂದ 95, ಆರಡಿಯಿಂದ 48, ಹತ್ತಡಿಯಿಂದ 29 ಸಾಕು. ರಸ್ತೆ ಬದಿಯ ಬ್ಯಾನರಿಗೂ ಮನೆಯ ಗೋಡೆಯ ಫೋಟೋಗೂ ಒಂದೇ ಅಳತೆಗೋಲು ಹಿಡಿಯಬಾರದು ಎನ್ನುವುದು ಇದಕ್ಕೇ.

ಈಗ 6×4 ಅಡಿಯ ಅಡ್ಡ ಬ್ಯಾನರ್ ಎಂದುಕೊಳ್ಳಿ. ವಿಡಿಯೊ 16:9, ಬ್ಯಾನರ್ 3:2. ಎತ್ತರಕ್ಕೆ ಹೊಂದಿಸಿ ಅಕ್ಕಪಕ್ಕ ಕತ್ತರಿಸಿದರೆ ಫುಲ್ ಎಚ್‌ಡಿಯಲ್ಲಿ 1620 ಪಿಕ್ಸೆಲ್ ಉಳಿಯುತ್ತದೆ. 72 ಇಂಚಿಗೆ ಹಂಚಿದರೆ ಇಂಚಿಗೆ 22.5. 4ಕೆ ಆದರೆ 45. ಹತ್ತಡಿಯಿಂದ ನೋಡುವುದಾದರೆ 4ಕೆ ನಿರಾಳ, ಫುಲ್ ಎಚ್‌ಡಿ ಸ್ವಲ್ಪ ಬಿಗಿ. ಅದೇ ಬ್ಯಾನರನ್ನು ಉದ್ದಕ್ಕೆ, 4 ಅಡಿ ಅಗಲ 6 ಅಡಿ ಎತ್ತರ ಎಂದರೆ, ಅಡ್ಡ ಹೊಡೆದ ಫುಲ್ ಎಚ್‌ಡಿ ವಿಡಿಯೊದಿಂದ ಸಿಗುವುದು 720×1080 ಮಾತ್ರ, ಇಂಚಿಗೆ 15. ಉದ್ದ ಪೋಸ್ಟರಿಗೆ ಅಡ್ಡ ವಿಡಿಯೊ ತಂದಾಗ ಫೋಟೋ ಒಡೆಯುವುದಕ್ಕೆ ಇದೇ ಕಾರಣ, ಬೇರೆ ಏನೂ ಹುಡುಕಬೇಡಿ.

ಹೆಚ್ಚು ಜನ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಫ್ರೇಮಿನ ತುಂಬ ಹೋರಿ ಇರುವುದಿಲ್ಲ. ಜನ, ಬೇಲಿ, ಆಕಾಶ, ಧೂಳು ಎಲ್ಲ ಸೇರಿ ಹೋರಿ ಮೂರನೇ ಒಂದು ಪಾಲು ಇದ್ದರೆ ಪುಣ್ಯ. ಅಂದರೆ ಫುಲ್ ಎಚ್‌ಡಿಯಲ್ಲಿ ಹೋರಿಯ ಪಾಲಿಗೆ 640 ಪಿಕ್ಸೆಲ್. ಅದನ್ನು ಕತ್ತರಿಸಿ, ಹಿಂದೆ ಕಿಡಿ-ಬೆಂಕಿ ಹಾಕಿ, ನಾಲ್ಕಡಿ ಅಗಲಕ್ಕೆ ಎಳೆದರೆ ಇಂಚಿಗೆ 13 ಪಿಕ್ಸೆಲ್. ಕೋಡಿನ ಮೇಲಿನ ರಿಬ್ಬನ್, ಕೊರಳ ಕೊಬ್ಬರಿ ಹಾರ, ಎಲ್ಲ ಮುದ್ದೆ. ಫೋಟೋಶಾಪಿನಲ್ಲಿ ಮಾರ್ಕೀ (ಆಯ್ಕೆಯ ಚೌಕಟ್ಟು) ಎಳೆದು ಇನ್ಫೋ ಪ್ಯಾನೆಲಿನಲ್ಲಿ ಹೋರಿಯ ಮೈ ಎಷ್ಟು ಪಿಕ್ಸೆಲ್, ಮುಖ ಎಷ್ಟು ಪಿಕ್ಸೆಲ್ ಎಂದು ಎಣಿಸಿ, ಆಮೇಲೆ ಅಳತೆ ಒಪ್ಪಿಕೊಳ್ಳಿ. ಒಳ್ಳೆಯ ಫ್ರೇಮ್ ಎರಡು ಪಟ್ಟು ನಿಶ್ಚಿಂತೆಯಾಗಿ ಹಿಗ್ಗುತ್ತದೆ, ನಾಲ್ಕು ಪಟ್ಟಿಗೆ ಕೈಕೆಲಸ ಬೇಕು, ಅದರಾಚೆ ಹಿಗ್ಗಿಸಿದ್ದೆಲ್ಲ ಗಾತ್ರವೇ ಹೊರತು ವಿವರ ಅಲ್ಲ.

ಇಮೇಜ್ ಸೈಜ್‌ನಲ್ಲಿ ರೀಸ್ಯಾಂಪಲ್ (ಪಿಕ್ಸೆಲ್ ಸಂಖ್ಯೆ ಬದಲಿಸುವ ಆಯ್ಕೆ) ಗುರುತು ತೆಗೆದು 72 ಇದ್ದದ್ದನ್ನು 300 ಎಂದು ಬರೆದರೆ ಒಂದು ಪಿಕ್ಸೆಲ್ ಕೂಡ ಹೆಚ್ಚುವುದಿಲ್ಲ. ಫೋಟೋದ ಇಂಚು ಕಡಿಮೆಯಾಗುತ್ತದೆ, ಅಷ್ಟೇ. ಪ್ರಿಂಟರಿನ ಮೇಲೆ ಬರೆದ 1440 ಡಿಪಿಐ ಕೂಡ ಶಾಯಿ ಹನಿಯ ಲೆಕ್ಕ. ನಿಮ್ಮ ಫೈಲಿನ ಪಿಕ್ಸೆಲಿಗೂ ಅದಕ್ಕೂ ಸಂಬಂಧ ಕಲ್ಪಿಸಬೇಡಿ.

ಮಸಕು: ಫ್ರೇಮ್ ಆರಿಸುವಾಗಲೇ ಆದ ತಪ್ಪು

ವಿಡಿಯೊ ಓಡುವಾಗ ಸ್ಪಷ್ಟ ಕಂಡದ್ದು ನಿಲ್ಲಿಸಿದಾಗ ಮಸಕಾಗಿ ಕಾಣುತ್ತದೆ. ಕಣ್ಣು ಹತ್ತಾರು ಫ್ರೇಮುಗಳನ್ನು ಕೂಡಿಸಿ ನೋಡಿಕೊಂಡಿರುತ್ತದೆ, ಪೋಸ್ಟರಿಗೆ ಸಿಗುವುದು ಒಂದೇ. ಆ ಒಂದನ್ನು ಸ್ಕ್ರೀನ್‌ಶಾಟ್ ಹೊಡೆದು ತೆಗೆಯುವುದು ಎಲ್ಲಕ್ಕಿಂತ ಕೆಟ್ಟ ದಾರಿ. ಸ್ಕ್ರೀನ್‌ಶಾಟಿಗೆ ಸಿಗುವುದು ವಿಡಿಯೊದ ಪಿಕ್ಸೆಲ್ ಅಲ್ಲ, ಪರದೆಯ ಪಿಕ್ಸೆಲ್. 720 ಪಿಕ್ಸೆಲ್ ಅಗಲದ ಪರದೆಯ ಮೊಬೈಲನ್ನು ಅಡ್ಡ ಹಿಡಿದು 4ಕೆ ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆದರೆ ಒಂಬತ್ತರಲ್ಲಿ ಎಂಟು ಪಾಲು ಪಿಕ್ಸೆಲ್ ಅಲ್ಲೇ ಉದುರಿಹೋಗುತ್ತವೆ.

ಕಂಪ್ಯೂಟರಿನಲ್ಲಿ ವಿಎಲ್‌ಸಿ ತೆರೆದು ಪ್ರಿಫರೆನ್ಸಸ್‌ನ ವಿಡಿಯೊ ವಿಭಾಗದಲ್ಲಿ ಸ್ನ್ಯಾಪ್‌ಶಾಟ್ ನಮೂನೆ ಪಿಎನ್‌ಜಿ ಎಂದು ಇಡಿ. ಬೇಕಾದ ಜಾಗದ ಸ್ವಲ್ಪ ಹಿಂದೆ ನಿಲ್ಲಿಸಿ, ಇ ಅಕ್ಷರದ ಕೀ ಒತ್ತುತ್ತ ಹೋದರೆ ಒಂದೊಂದೇ ಫ್ರೇಮ್ ಮುಂದೆ ಸರಿಯುತ್ತದೆ. ದಾಟಿಹೋದರೆ ಶಿಫ್ಟ್ ಜತೆ ಎಡಬಾಣ ಒತ್ತಿ ಮೂರು ಸೆಕೆಂಡ್ ಹಿಂದೆ ಬನ್ನಿ. ಸಿಕ್ಕಲ್ಲಿ ಶಿಫ್ಟ್ ಜತೆ ಎಸ್ ಒತ್ತಿ. ಒಂದಕ್ಕೇ ನಿಲ್ಲಬೇಡಿ, ಆ ಆಸುಪಾಸಿನ ಇಪ್ಪತ್ತು ಫ್ರೇಮ್ ತೆಗೆದಿಟ್ಟುಕೊಳ್ಳಿ. ತೆಗೆದ ಪಿಎನ್‌ಜಿಯ ಅಗಲ-ಎತ್ತರ ವಿಡಿಯೊದ ಅಗಲ-ಎತ್ತರಕ್ಕೆ ಸಮ ಇದೆಯೇ ಎಂದು ನೋಡಿದರೆ ಈ ಹಂತದ ಪರೀಕ್ಷೆ ಮುಗಿಯಿತು.

ಇಪ್ಪತ್ತು ಯಾಕೆಂದರೆ, ಪಕ್ಕಪಕ್ಕದ ಫ್ರೇಮುಗಳು ಒಂದೇ ಗುಣದವಲ್ಲ. ಜಾಗ ಉಳಿಸಲು ವಿಡಿಯೊ ಪ್ರತಿ ಫ್ರೇಮನ್ನೂ ಪೂರ್ತಿ ಬರೆದಿಡುವುದಿಲ್ಲ. ಆಗೊಂದು ಈಗೊಂದು ಕೀಫ್ರೇಮ್ ಮಾತ್ರ ಪೂರ್ತಿ ಚಿತ್ರ, ನಡುವಿನವು ಹಿಂದಿನದಕ್ಕಿಂತ ಏನು ಬದಲಾಯಿತು ಎಂಬ ಟಿಪ್ಪಣಿ ಇದ್ದಂತೆ. ಬಿಟ್‌ರೇಟ್ ಕಡಿಮೆ ಇದ್ದಾಗ, ಧೂಳೆದ್ದಾಗ, ಹೂ ಎರಚಿದಾಗ ಈ ನಡುವಿನ ಫ್ರೇಮುಗಳು ಮೊದಲು ಚೌಕ ಚೌಕವಾಗುತ್ತವೆ. ಎಫ್‌ಎಫ್‌ಎಂಪೆಗ್ (ಆದೇಶ ಟೈಪ್ ಮಾಡಿ ಓಡಿಸುವ ಉಚಿತ ವಿಡಿಯೊ ಸಾಫ್ಟ್‌ವೇರ್) ಬಳಸಲು ಬಂದರೆ ಕೀಫ್ರೇಮುಗಳನ್ನಷ್ಟೇ ಹೊರತೆಗೆದು ಮೊದಲು ಅವನ್ನು ನೋಡಿ. ಭಂಗಿ ಸರಿಹೋಗುವ ಕೀಫ್ರೇಮ್ ಸಿಕ್ಕರೆ ಅರ್ಧ ಕೆಲಸ ಆದಂತೆ.

ಚೌಕವೂ ಇಲ್ಲ, ಆದರೂ ಮಸಕು ಎಂದರೆ ಅದು ಚಲನೆಯ ಮಸಕು. ಹೋರಿ ಸೆಕೆಂಡಿಗೆ 8 ಮೀಟರ್ ಓಡುತ್ತಿದೆ, ಶಟರ್ 1/50 ಸೆಕೆಂಡ್ ತೆರೆದಿದೆ ಎಂದುಕೊಳ್ಳಿ. ಅಷ್ಟರಲ್ಲಿ ಹೋರಿ 16 ಸೆಂಟಿಮೀಟರ್ ಸರಿದಿರುತ್ತದೆ. ಎರಡು ಮೀಟರ್ ಮೈಗೆ 640 ಪಿಕ್ಸೆಲ್ ಇದ್ದರೆ ಆ ಸರಿತ 51 ಪಿಕ್ಸೆಲ್ ಆಯಿತು. ಐವತ್ತು ಪಿಕ್ಸೆಲ್ ಒರೆಸಿಹೋದ ಕಣ್ಣನ್ನು ಯಾವ ಶಾರ್ಪನ್ನೂ ಮರಳಿ ತರುವುದಿಲ್ಲ. ಶಟರ್ 1/1000 ಇದ್ದಿದ್ದರೆ ಅದೇ ಸರಿತ ಮೂರು ಪಿಕ್ಸೆಲ್ ಒಳಗೇ ಇರುತ್ತಿತ್ತು. ನೆತ್ತಿ ಬಿಸಿಲಿನಲ್ಲಿ ಮೊಬೈಲ್ ತಾನೇ ಶಟರ್ ವೇಗ ಏರಿಸಿಕೊಳ್ಳುವುದರಿಂದ ಮಧ್ಯಾಹ್ನದ ಓಟದ ವಿಡಿಯೊ ಸಂಜೆಯದ್ದಕ್ಕಿಂತ ಚೆನ್ನಾಗಿ ಬರುತ್ತದೆ.

ಹಾಗಾದರೆ ಸಂಜೆ ವಿಡಿಯೊದಲ್ಲಿ ಏನು ಮಾಡುವುದು? ಪಕ್ಕದಿಂದ ಹಾಯ್ದುಹೋಗುವ ಫ್ರೇಮ್ ಬಿಡಿ. ಹೋರಿ ಕ್ಯಾಮೆರಾದ ಎದುರಿಗೇ ಬರುವ ಫ್ರೇಮ್ ಹುಡುಕಿ. ಎದುರು ಬರುವಾಗ ಫ್ರೇಮಿನೊಳಗೆ ಅದು ಅಡ್ಡ ಸರಿಯುವುದು ಕಡಿಮೆ, ಮುಖ ಗಟ್ಟಿಯಾಗಿ ಸಿಗುತ್ತದೆ. ಕಾಲು ಮಸಕಾಗಿದ್ದರೆ ಇರಲಿ, ಓಟದ ಬಿಸಿ ಕಾಣುತ್ತದೆ. ಕಣ್ಣು ಮತ್ತು ಕೋಡಿನ ತುದಿ ಗಟ್ಟಿ ಇದ್ದರೆ ಪೋಸ್ಟರ್ ಗೆದ್ದಿತು. ಕ್ಯಾಮೆರಾ ಹೋರಿಯ ಜತೆಜತೆಗೆ ತಿರುಗಿದ ಫ್ರೇಮುಗಳಲ್ಲಿಯೂ ಹೋರಿ ಸ್ಪಷ್ಟ ಸಿಕ್ಕು ಜನ ಮಸಕಾಗುತ್ತಾರೆ. ಅದು ದೋಷವಲ್ಲ, ಲಾಭ. ಕೋಲಾಟ, ಡೊಳ್ಳಿಗೆ ಬಂದರೆ ಕೈ ಮೇಲೇರಿ ಇನ್ನೇನು ಇಳಿಯಬೇಕು ಎನ್ನುವಾಗ ಒಂದೆರಡು ಫ್ರೇಮ್ ನಿಂತಂತಿರುತ್ತದೆ. ಅಲ್ಲಿ ಹುಡುಕಿ.

ಬಾಚಣಿಗೆ ಗೆರೆ ಮತ್ತು ಉದ್ದವಾದ ಮುಖ

ಕೈಯ ಅಂಚಿನಲ್ಲಿ, ಸೆರಗಿನ ಅಂಚಿನಲ್ಲಿ ಅಡ್ಡಡ್ಡ ಸಣ್ಣ ಹಲ್ಲುಗಳು ಕಂಡರೆ ವಿಡಿಯೊ ಇಂಟರ್‌ಲೇಸ್ಡ್. ಮದುವೆಗೆ ಹೆಗಲ ಮೇಲೆ ಹೊತ್ತು ಹೊಡೆಯುತ್ತಿದ್ದ ಹಳೆಯ ಕ್ಯಾಮೆರಾಗಳ ಫುಟೇಜ್ ಬಹುತೇಕ ಹೀಗೇ. ಒಂದು ಫ್ರೇಮಿನೊಳಗೆ ಸೆಕೆಂಡಿನ 50ನೇ ಒಂದು ಪಾಲು ಹಿಂದು-ಮುಂದಾಗಿ ತೆಗೆದ ಎರಡು ಅರ್ಧಚಿತ್ರಗಳು ಹೆಣೆದುಕೊಂಡಿರುತ್ತವೆ. ನಿಂತ ವಸ್ತುವಿನಲ್ಲಿ ಏನೂ ಕಾಣುವುದಿಲ್ಲ, ಅಲುಗಿದ್ದರಲ್ಲಿ ಹಲ್ಲು ಮೂಡುತ್ತದೆ. ಖಾತ್ರಿಗೆ ವಿಎಲ್‌ಸಿಯಲ್ಲಿ ಡಿ ಕೀ ಒತ್ತಿ. ಗೆರೆ ಮಾಯವಾದರೆ ಕಾಯಿಲೆ ಇದೇ. ಮದ್ದು ಹಿಗ್ಗಿಸುವ ಮೊದಲೇ ಆಗಬೇಕು: ಫೋಟೋಶಾಪಿನ ಫಿಲ್ಟರ್ ಮೆನುವಿನ ವಿಡಿಯೊ ಕೆಳಗೆ ಡಿಇಂಟರ್‌ಲೇಸ್ ಇದೆ. ಅಥವಾ ಎಫ್‌ಎಫ್‌ಎಂಪೆಗ್‌ನಲ್ಲಿ ಬಿಡಬ್ಲ್ಯುಡಿಐಎಫ್ ಫಿಲ್ಟರ್ ಹಾಕಿ ತೆಗೆಯಿರಿ. ಅಲುಗಿದ ಜಾಗದಲ್ಲಿ ನಿಜವಾಗಿ ಉಳಿಯುವುದು ಅರ್ಧ ಗೆರೆಗಳು ಮಾತ್ರ, 1080ಕ್ಕೆ 540. ಹಲ್ಲು ಇದ್ದ ಹಾಗೇ ಎಐಗೆ ಕೊಟ್ಟರೆ ಅದನ್ನು ಬಟ್ಟೆಯ ನೇಯ್ಗೆ ಎಂದು ತಿಳಿದು ಇನ್ನಷ್ಟು ಚೊಕ್ಕವಾಗಿ ಬಿಡಿಸಿಡುತ್ತದೆ. ಆಮೇಲೆ ಯಾರಿಂದಲೂ ತೆಗೆಯಲಾಗದು.

ಮುಖ ಸಪೂರ, ಉದ್ದ ಕಂಡರೆ ಪಿಕ್ಸೆಲ್ ಆಕಾರದ ತಪ್ಪು. 720×576 ಎಂದು ಬರೆದ ಫ್ರೇಮನ್ನು 4:3 ವಿಡಿಯೊ ಆದರೆ 768×576ಕ್ಕೆ, ವೈಡ್ ಆದರೆ 1024×576ಕ್ಕೆ ಅಗಲಿಸಬೇಕು. ಎಚ್‌ಡಿವಿ ಕ್ಯಾಮೆರಾದ 1440×1080ನ್ನು 1920×1080ಕ್ಕೆ. ಗೋಡೆ ಗಡಿಯಾರವೋ ಹಣೆಯ ಬೊಟ್ಟೋ ಫ್ರೇಮಿನಲ್ಲಿದ್ದರೆ ಅದು ದುಂಡಗಿದೆಯೇ ಎಂದು ನೋಡಿ.

ಬಣ್ಣದ ದೋಷಗಳು

ಕೆಂಪು ಸೀರೆಯ ಅಂಚು, ಕುಂಕುಮ, ಭಂಡಾರದ ಹಳದಿ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ, ಬಣ್ಣ ಗೆರೆ ದಾಟಿ ಚೆಲ್ಲಿದಂತೆ ಕಂಡರೆ ಗಾಬರಿ ಬೇಡ. ಮೊಬೈಲ್ ವಿಡಿಯೊ, ಡಿವಿಡಿ, ಯೂಟ್ಯೂಬ್ ಎಲ್ಲವೂ 4:2:0 ಎಂಬ ಪದ್ಧತಿಯಲ್ಲಿ ಬಣ್ಣವನ್ನು ಅರ್ಧ ಅಗಲ, ಅರ್ಧ ಎತ್ತರಕ್ಕೆ ಕುಗ್ಗಿಸಿ ಇಡುತ್ತವೆ. 1920×1080 ಫ್ರೇಮಿನಲ್ಲಿ ಬೆಳಕು-ನೆರಳಿನ ವಿವರ ಪೂರ್ತಿ ಇದ್ದರೂ ಬಣ್ಣದ ವಿವರ 960×540 ಮಾತ್ರ. ಹಿಗ್ಗಿಸುವ ಮೊದಲು ಫ್ರೇಮನ್ನು ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಇಡುವ ಲ್ಯಾಬ್ ಮೋಡಿಗೆ ತಿರುಗಿಸಿ. ಲೈಟ್‌ನೆಸ್ ಚಾನೆಲ್ ಮುಟ್ಟದೆ ಉಳಿದ ಎರಡು ಬಣ್ಣದ ಚಾನೆಲುಗಳಿಗಷ್ಟೇ 2-3 ಪಿಕ್ಸೆಲ್ ಮೀಡಿಯನ್ ಫಿಲ್ಟರ್ ಕೊಡಿ. ಮೆಟ್ಟಿಲು ಕರಗುತ್ತದೆ, ಚಿತ್ರದ ಚೂಪು ಹಾಗೇ ಉಳಿಯುತ್ತದೆ.

ಇಡೀ ಫೋಟೋ ಬೂದಿ ಮುಚ್ಚಿದಂತಿದ್ದರೆ ಹಿಸ್ಟೋಗ್ರಾಂ, ಅಂದರೆ ಕಪ್ಪಿನಿಂದ (0) ಬಿಳಿವರೆಗಿನ (255) ಹಂಚಿಕೆಯ ನಕ್ಷೆ, ನೋಡಿ. ಕಪ್ಪು 16ಕ್ಕೆ, ಬಿಳಿ 235ಕ್ಕೆ ಕತ್ತರಿಸಿದಂತೆ ನಿಂತಿದ್ದರೆ ವಿಡಿಯೊದ ಸೀಮಿತ ಹರವನ್ನು ಹಾಗೇ ಹೊರತೆಗೆಯಲಾಗಿದೆ. ಲೆವೆಲ್ಸ್‌ನಲ್ಲಿ ಇನ್‌ಪುಟ್ 16 ಮತ್ತು 235 ಕೊಟ್ಟರೆ ಸರಿಹೋಗುತ್ತದೆ. ಇದಕ್ಕೆ ತಿರುಗುಮುರುಗಾಗಿ, ಕೂದಲೆಲ್ಲ ಒಂದೇ ಕಪ್ಪು ಮುದ್ದೆ, ಬಿಳಿ ಧೋತರದ ಮಡಿಕೆ ಕಾಣುತ್ತಿಲ್ಲ ಎಂದರೆ ವಿವರ ಕತ್ತರಿಸಿಹೋಗಿದೆ, ಲೆವೆಲ್ಸ್ ತಿರುಗಿಸಿ ಉಪಯೋಗವಿಲ್ಲ. ಹಾರ್ಡ್‌ವೇರ್ ಡಿಕೋಡಿಂಗ್ ಬಂದ್ ಮಾಡಿ, ಇಲ್ಲವೇ ಬೇರೆ ಸಾಫ್ಟ್‌ವೇರಿನಿಂದ ಫ್ರೇಮನ್ನು ಮತ್ತೊಮ್ಮೆ ತೆಗೆಯಿರಿ.

ಐಫೋನ್ 12 ಮತ್ತು ಆಮೇಲಿನವುಗಳಲ್ಲಿ ಎಚ್‌ಡಿಆರ್ ವಿಡಿಯೊ ಬರುತ್ತದೆ. ಫೋನಿನಲ್ಲಿ ಹೊಳೆಯುವ ಈ ವಿಡಿಯೊ ಕಂಪ್ಯೂಟರಿಗೆ ಬಂದ ಮೇಲೆ ಸಪ್ಪೆ ಅಥವಾ ಸುಟ್ಟ ಬಿಳಿ. ಲೆವೆಲ್ಸ್‌ನಲ್ಲಿ ಎಳೆದಾಡಿದರೆ ಚರ್ಮದ ಬಣ್ಣ ಹಾಳಾಗುತ್ತದೆ. ವಿಡಿಯೊ ಎಡಿಟಿಂಗ್ ಸಾಫ್ಟ್‌ವೇರ್ ಡಾವಿಂಚಿ ರಿಸಾಲ್ವ್‌ನಲ್ಲಿ ಕಲರ್ ಮ್ಯಾನೇಜ್‌ಮೆಂಟ್ ಆನ್ ಮಾಡಿ, ಔಟ್‌ಪುಟ್ ರೆಕ್ 709 (ಸಾಧಾರಣ ಎಚ್‌ಡಿ ವಿಡಿಯೊದ ಬಣ್ಣದ ಮಾನದಂಡ) ಇಟ್ಟು, ಕಲರ್ ಪೇಜಿನಲ್ಲಿ ಗ್ರ್ಯಾಬ್ ಸ್ಟಿಲ್ ಮಾಡಿ ಟಿಫ್ ತೆಗೆಯಿರಿ.

ವೇದಿಕೆಯ ಚಿತ್ರದ ಮೇಲೆ ಅಡ್ಡಲಾಗಿ ಅಗಲ ಕಪ್ಪು ಪಟ್ಟೆ ಹಾಯ್ದಿದ್ದರೆ ಅದು ದೀಪದ ಮಿಣುಕು. ನಮ್ಮ ಕರೆಂಟು 50 ಹರ್ಟ್ಸ್, ಟ್ಯೂಬ್‌ಲೈಟ್ ಮತ್ತು ಅಗ್ಗದ ಎಲ್‌ಇಡಿ ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಶಟರ್ 1/50 ಅಥವಾ 1/100 ಇದ್ದರೆ ಪಟ್ಟೆ ಬರುವುದಿಲ್ಲ. ಬಂದ ಮೇಲೆ ಉಳಿದ ದಾರಿ ಒಂದೇ: ಪಟ್ಟೆ ಫ್ರೇಮಿನಿಂದ ಫ್ರೇಮಿಗೆ ಸರಿಯುತ್ತಿದ್ದರೆ ಅದು ಮುಖ ಬಿಟ್ಟು ಕೆಳಗಿಳಿದ ಫ್ರೇಮನ್ನು ಆರಿಸುವುದು.

ಕಾಳು ಕಾಳು: ಹದಿನಾರು ಫ್ರೇಮಿನ ಉಪಾಯ

ಕತ್ತಲ ಸಭಾಂಗಣದಲ್ಲಿ ತೆಗೆದ ಗಾಯನದ ವಿಡಿಯೊ, ಗರ್ಭಗುಡಿಯ ದೀಪದ ಬೆಳಕಿನ ವಿಡಿಯೊ ಕಾಳು ಕಾಳಾಗಿರುತ್ತವೆ. ವಿಡಿಯೊಗೆ ಫೋಟೋಗಿಲ್ಲದ ಒಂದು ಅನುಕೂಲ ಇಲ್ಲಿ ಸಿಗುತ್ತದೆ. ಕೂತ ಗಾಯಕರು ಆಲಾಪದಲ್ಲಿ ಕಣ್ಣು ಮುಚ್ಚಿ ಒಂದೆರಡು ಸೆಕೆಂಡ್ ಅಲುಗದಿದ್ದರೆ ಅಷ್ಟರಲ್ಲಿ ಐವತ್ತು ಫ್ರೇಮ್ ಇವೆ. ಕಾಳು ಪ್ರತಿ ಫ್ರೇಮಿನಲ್ಲೂ ಬೇರೆ ಬೇರೆ ಕಡೆ ಬೀಳುತ್ತದೆ, ಮುಖ ಅಲ್ಲೇ ಇರುತ್ತದೆ. ಹದಿನಾರು ಫ್ರೇಮ್ ಸರಾಸರಿ ಮಾಡಿದರೆ ಕಾಳು ಲೆಕ್ಕಕ್ಕೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಪಕ್ಕಪಕ್ಕದ ಫ್ರೇಮುಗಳು ಒಂದರ ಕಾಳನ್ನೇ ಇನ್ನೊಂದು ನಕಲು ಮಾಡಿರುವುದರಿಂದ ಅಷ್ಟು ಪೂರ್ತಿ ಸಿಗುವುದಿಲ್ಲ. ಮೂರಕ್ಕೊಂದರಂತೆ ಬಿಟ್ಟು ಬಿಟ್ಟು ಆರಿಸಿದರೆ ಹೆಚ್ಚು ಫಲ.

ಫೋಟೋಶಾಪಿನಲ್ಲಿ ಫೈಲ್, ಸ್ಕ್ರಿಪ್ಟ್ಸ್, ಲೋಡ್ ಫೈಲ್ಸ್ ಇನ್‌ಟು ಸ್ಟ್ಯಾಕ್ ತೆರೆಯಿರಿ. ಕೆಳಗಿನ ಎರಡೂ ಗುರುತು, ಅಂದರೆ ತಾನೇ ಹೊಂದಿಸುವುದು ಮತ್ತು ಸ್ಮಾರ್ಟ್ ಆಬ್ಜೆಕ್ಟ್ ಮಾಡುವುದು, ಹಾಕಿ. ಆಮೇಲೆ ಲೇಯರ್, ಸ್ಮಾರ್ಟ್ ಆಬ್ಜೆಕ್ಟ್ಸ್, ಸ್ಟ್ಯಾಕ್ ಮೋಡ್‌ನಲ್ಲಿ ಮೀನ್ (ಸರಾಸರಿ) ಆರಿಸಿ. ಯಾರಾದರೂ ನಡುವೆ ಹಾಯ್ದುಹೋಗಿದ್ದರೆ ಮೀಡಿಯನ್ ಆರಿಸಿ, ಆ ನೆರಳು ಮಾಯವಾಗುತ್ತದೆ. ತಂಬೂರಿಯ ತಂತಿ ಮೀಟುವ ಬೆರಳು ಇದರಲ್ಲಿ ಕರಗಿಹೋಗುತ್ತದೆ. ಆ ಬೆರಳನ್ನು ಒಂಟಿ ಫ್ರೇಮಿನಿಂದ ತಂದು ಮಾಸ್ಕ್ ಹಾಕಿ ಕೂಡಿಸಿ.

ಹಿಗ್ಗಿಸುವಾಗ ಆಗುವ ದೋಷ

ಅನುಕ್ರಮ ತಪ್ಪಿದರೆ ಇಲ್ಲಿಯವರೆಗೆ ಮಾಡಿದ್ದೆಲ್ಲ ನೀರುಪಾಲು. ಡಿಇಂಟರ್‌ಲೇಸ್, ಆಕಾರ ತಿದ್ದುವಿಕೆ, ಚೌಕ, ಕಾಳು ಮತ್ತು ಬಣ್ಣದ ಮೆಟ್ಟಿಲು ತೆಗೆಯುವುದು, ಆಮೇಲೆ ಹಿಗ್ಗಿಸುವುದು, ಆಮೇಲೆ ಉಳಿದ ಬಣ್ಣದ ಕೆಲಸ, ಎಲ್ಲಕ್ಕೂ ಕೊನೆಗೆ ಶಾರ್ಪನ್. ಮೊದಲೇ ಶಾರ್ಪನ್ ಮಾಡಿದರೆ ಚೌಕದ ಅಂಚು ಚೂಪಾಗಿ, ಹಿಗ್ಗಿದ ಮೇಲೆ ಕೆನ್ನೆಯ ಮೇಲೆ ಇಟ್ಟಿಗೆ ಗೋಡೆ ಏಳುತ್ತದೆ. ನಡುವಿನ ಸೇವ್ ಎಲ್ಲ ಟಿಫ್ ಅಥವಾ ಪಿಎನ್‌ಜಿ. ಪ್ರತಿ ಸಲ ಜೆಪೆಗ್ ಮಾಡಿದರೆ ಪ್ರತಿ ಸಲ ಹೊಸ ಚೌಕ ಹುಟ್ಟುತ್ತದೆ.

ಎರಡು ಪಟ್ಟಿಗೆ ಫೋಟೋಶಾಪಿನ ಪ್ರಿಸರ್ವ್ ಡೀಟೇಲ್ಸ್ 2.0 ಅಥವಾ ಕ್ಯಾಮೆರಾ ರಾದ ಸೂಪರ್ ರೆಸಲ್ಯೂಶನ್ ಸಾಕು. ಅದಕ್ಕಿಂತ ಹೆಚ್ಚಿಗೆ ಉಚಿತದ ಅಪ್‌ಸ್ಕೇಲ್ (Upscayl), ದುಡ್ಡಿನ ಟೋಪಾಜ್ ಗಿಗಾಪಿಕ್ಸೆಲ್ ಎಂಬ ಎಐ ಸಾಫ್ಟ್‌ವೇರುಗಳಿವೆ. ಇವು ವಿವರವನ್ನು ಹುಡುಕಿ ತರುವುದಿಲ್ಲ, ಹೀಗಿರಬಹುದು ಎಂದು ಊಹಿಸಿ ಬಿಡಿಸುತ್ತವೆ. ಹೋರಿಯ ಚರ್ಮ, ತೇರಿನ ಬಟ್ಟೆ, ಮರದ ಎಲೆಗಳಲ್ಲಿ ಆ ಊಹೆ ನಡೆದುಹೋಗುತ್ತದೆ. ಮನುಷ್ಯರ ಮುಖದಲ್ಲಿ ನಡೆಯುವುದಿಲ್ಲ. ಹಲ್ಲು ಹೊಸದಾಗಿ ಮೂಡುತ್ತದೆ, ಮೂಗುಬಟ್ಟು ಮಚ್ಚೆಯಾಗುತ್ತದೆ, ಅರವತ್ತರ ಮುಖ ನಲವತ್ತಾಗುತ್ತದೆ. ಶ್ರದ್ಧಾಂಜಲಿ ಬ್ಯಾನರ್ ನೋಡಿ ಮನೆಯವರು "ಇದು ನಮ್ಮಪ್ಪಾರ ಮುಖ ಅಲ್ಲಲ್ರಿ" ಎಂದರೆ ಮತ್ತೊಂದು ಪ್ರಿಂಟ್ ಹಾಕಿ ತಪ್ಪಿಸಿಕೊಳ್ಳುವಂಥ ಮಾತಲ್ಲ ಅದು.

ಪರೀಕ್ಷೆ ಹೀಗೆ: ಮೂಲ ಫ್ರೇಮನ್ನು ಸಾದಾ ಬೈಕ್ಯೂಬಿಕ್‌ (ಎಐ ಇಲ್ಲದ ಹಿಗ್ಗಿಸುವ ವಿಧಾನ)ನಲ್ಲಿ ಅದೇ ಗಾತ್ರಕ್ಕೆ ಹಿಗ್ಗಿಸಿ ಕೆಳ ಲೇಯರಿನಲ್ಲಿಡಿ, ಎಐ ಮಾಡಿದ್ದನ್ನು ಮೇಲಿಡಿ, ಮೇಲಿನದರ ಕಣ್ಣಿನ ಗುರುತನ್ನು ಒತ್ತಿ ಬಿಟ್ಟು ಒತ್ತಿ ನೋಡಿ. ಕಣ್ಣಿನ ಮೂಲೆ, ತುಟಿಯ ಅಂಚು ಜಿಗಿಯುತ್ತಿದ್ದರೆ ಮುಖದ ಜಾಗದಲ್ಲಿ ಮೇಲಿನ ಲೇಯರನ್ನು 40-50 ಶೇಕಡಾಕ್ಕೆ ಇಳಿಸಿ. ಫೇಸ್ ರಿಕವರಿ ಎಂಬ ಗುಂಡಿ ಇದ್ದರೆ ಮೊದಲು ಬಂದ್ ಮಾಡಿ. ಫ್ರೇಮಿನಲ್ಲಿ ಒಂದು ಕಣ್ಣಿನಿಂದ ಇನ್ನೊಂದು ಕಣ್ಣಿಗೆ 30 ಪಿಕ್ಸೆಲ್ಲಿಗಿಂತ ಕಡಿಮೆ ಇದ್ದರೆ ಇಡೀ ಮುಖಕ್ಕೆ ಸುಮಾರು ನೂರು ಪಿಕ್ಸೆಲ್ ಎತ್ತರ ಎಂದಾಯಿತು. ಅದನ್ನು ಎರಡು-ಮೂರು ಇಂಚಿಗಿಂತ ದೊಡ್ಡದು ಮಾಡಿ ಹತ್ತಿರದಿಂದ ನೋಡುವ ಫೋಟೋ ಮಾಡಲು ಹೋಗಬೇಡಿ. ವಿಸಿಡಿಯ ಮುಖ ಬಹುತೇಕ ಇದಕ್ಕೂ ಸಣ್ಣದು. ಅಂಥ ಕಡೆ ವಿಡಿಯೊ ಬದಿಗಿಟ್ಟು, ಮನೆಯಲ್ಲಿ ಆಲ್ಬಮ್ಮಿನ ಹಳೆಯ ಪ್ರಿಂಟ್ ಇದೆಯೇ ಕೇಳಿ. ಒಂದು ಪಾಸ್‌ಪೋರ್ಟ್ ಫೋಟೋವನ್ನು 600 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದರೂ ವಿಸಿಡಿಯ ಫ್ರೇಮಿಗಿಂತ ಎಷ್ಟೋ ಮೇಲು.

ಎಐ ಕೈಗೆ ಸಿಕ್ಕಿ ಕೆಡುವ ಇನ್ನೊಂದು ವಸ್ತು ಕನ್ನಡ ಅಕ್ಷರ. ವೇದಿಕೆಯ ಹಿಂದಿನ ಬ್ಯಾನರಿನಲ್ಲಿ "ಮಹೋತ್ಸವ" ಎಂದಿದ್ದರೆ, ಹಿಗ್ಗಿಸಿದ ಮೇಲೆ ತ ಕೆಳಗಿನ ಸ ಒತ್ತು ಸುರುಳಿಯಾಗಿ, ಹೋ ದೀರ್ಘ ಕೊಕ್ಕೆಯಾಗಿ, ಯಾವ ಲಿಪಿಯೂ ಅಲ್ಲದ ಒಂದು ಗೆರೆ ಉಳಿಯುತ್ತದೆ. ದೂರದಿಂದ ಕನ್ನಡದಂತೆಯೇ ಕಾಣುವುದರಿಂದ ಪ್ರೂಫ್ ನೋಡುವಾಗ ತಪ್ಪಿಹೋಗುತ್ತದೆ. ಆ ಜಾಗವನ್ನು ಅಳಿಸಿ ಬ್ಯಾನರ್ ವಿನ್ಯಾಸದ ಸಾಫ್ಟ್‌ವೇರ್ ಕೋರೆಲ್‌ನಲ್ಲಿ ಹೊಸದಾಗಿ ಟೈಪ್ ಮಾಡಿ ಕೂಡಿಸುವುದೇ ಸರಿ. ಹಳೆಯ ಕೋರೆಲ್ ಆವೃತ್ತಿಯಲ್ಲಿ ಯೂನಿಕೋಡ್ ಒತ್ತಕ್ಷರ ಬಿಡಿಬಿಡಿಯಾಗುತ್ತದೆ, ನುಡಿ ಫಾಂಟಿನಲ್ಲಿ ಬರೆದದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗುತ್ತದೆ. ಕಳಿಸುವ ಮೊದಲು ಎಲ್ಲ ಅಕ್ಷರ ಆರಿಸಿ ಕಂಟ್ರೋಲ್ ಜತೆ ಕ್ಯೂ ಒತ್ತಿ ಕರ್ವ್ (ಫಾಂಟ್ ಬೇಡದ ಗೆರೆಚಿತ್ರ) ಮಾಡಿಬಿಡಿ.

ಪ್ರಿಂಟಿನ ನಂತರ ಕಂಡ ದೋಷ

ಪರದೆಯ ಮೇಲೆ ಚೆನ್ನಾಗಿದ್ದು ಪ್ರಿಂಟಿನಲ್ಲಿ ಸತ್ತಂತಾದರೆ ಮೊದಲ ಶಂಕೆ ಆರ್‌ಜಿಬಿಯಿಂದ (ಪರದೆಯ ಬಣ್ಣ ಪದ್ಧತಿ) ಸಿಎಂವೈಕೆಗೆ (ಶಾಯಿಯ ಬಣ್ಣ ಪದ್ಧತಿ) ತಿರುಗಿದ ಬಣ್ಣ. ವೇದಿಕೆಯ ಎಲ್‌ಇಡಿಯ ನೇರಳೆ, ಕಡುನೀಲಿ, ಗುಲಾಬಿ ಶಾಯಿಗೆ ನಿಲುಕುವುದಿಲ್ಲ. ಫೋಟೋಶಾಪಿನಲ್ಲಿ ಕಂಟ್ರೋಲ್ ಜತೆ ವೈ ಒತ್ತಿ ಮೊದಲೇ ನೋಡಿಕೊಂಡು, ಮಂಕಾಗುವ ಬಣ್ಣದ ಸುತ್ತ ಕಪ್ಪು ಗಟ್ಟಿ ಮಾಡಿದರೆ ಹೊಳಪಿನ ಭ್ರಮೆ ಉಳಿಯುತ್ತದೆ. ಅಂಗಡಿಯ ಮಷಿನಿಗೆ ಆರ್‌ಜಿಬಿ ಬೇಕೋ ಸಿಎಂವೈಕೆ ಬೇಕೋ ಕೇಳದೆ ತಿರುಗಿಸಬೇಡಿ, ಎರಡು ಸಲ ತಿರುಗಿದ ಫೈಲ್ ಎರಡು ಸಲ ಮಂಕಾಗುತ್ತದೆ. ರಾಜ್ಯದ 2016ರ ಪ್ಲಾಸ್ಟಿಕ್ ನಿಷೇಧದಲ್ಲಿ ಫ್ಲೆಕ್ಸ್ ಕೂಡ ಸೇರಿರುವುದರಿಂದ ಬಟ್ಟೆಯ ಬ್ಯಾನರ್ ಮಾಡಿಸುವವರಿದ್ದಾರೆ. ಬಟ್ಟೆ ಶಾಯಿ ಹೀರಿ ಅಂಚನ್ನು ಮೆದುವಾಗಿಸುತ್ತದೆ, ಅದಕ್ಕೆ ಶಾರ್ಪನ್ನೂ ಕಾಂಟ್ರಾಸ್ಟೂ ಒಂದು ಹಿಡಿ ಹೆಚ್ಚಿಗೆ ಬೇಕು.

ಆಕಾಶದಲ್ಲಿ ಮೆಟ್ಟಿಲು ಪಟ್ಟಿಗಳು ಕಂಡರೆ ಅದು 8 ಬಿಟ್ ವಿಡಿಯೊದ ಬಡತನ. ಹಿಗ್ಗಿಸಿದ ಮೇಲೆ ಒಂದೆರಡು ಶೇಕಡಾ ನಾಯ್ಸ್ ಸೇರಿಸಿ. ತೀರ ನುಣ್ಣಗಾದ ಮುಖಕ್ಕೂ ಇದೇ ಮದ್ದು, ಮೇಣದ ಹೊಳಪು ಹೋಗುತ್ತದೆ.

6×4 ಅಡಿಗೆ ಇಂಚಿಗೆ 72ರಂತೆ ಫೈಲ್ ಮಾಡಿದರೆ 5184×3456 ಪಿಕ್ಸೆಲ್, ಆರ್‌ಜಿಬಿಯಲ್ಲಿ ಸುಮಾರು 54 ಎಂಬಿ. ಇದಕ್ಕಿಂತ ದೊಡ್ಡ ಫೈಲ್ ಕೊಟ್ಟರೆ ಮಷಿನ್ ತಡ ಮಾಡುತ್ತದೆಯೇ ಹೊರತು ಚಂದ ಮಾಡುವುದಿಲ್ಲ. ನಾಲ್ಕು ಬದಿಗೂ ಐಲೆಟ್ (ಹಗ್ಗ ಕಟ್ಟುವ ತೂತಿನ ಬಳೆ) ಹೊಡೆಯಲು ಒಂದೂವರೆ ಇಂಚು ಬಿಡಿ, ಕೋಡಿನ ತುದಿಗೆ ತೂತು ಬೀಳಬಾರದು.

ಪೂರ್ತಿ ಹಾಕುವ ಮೊದಲು ಮುಖ ಇರುವ ಒಂದು ಅಡಿ ಚೌಕವನ್ನು ನಿಜ ಅಳತೆಯಲ್ಲಿ ತುಂಡು ಪ್ರಿಂಟ್ ಹಾಕಿಸಿ, ಗೋಡೆಗೆ ಅಂಟಿಸಿ, ನೋಡುವ ದೂರಕ್ಕೆ ನಿಂತು ನೋಡಿ. ಸಮ ಅಂತರದ ಸಣ್ಣ ಗೆರೆಗಳು ಕಂಡರೆ ಜಗಳ ಶುರುವಾಗುವುದು ಇಲ್ಲಿಯೇ: ಅಂಗಡಿಯವರು ಫೈಲ್ ಕೆಟ್ಟಿದೆ ಎನ್ನುತ್ತಾರೆ, ಫೈಲ್ ಮಾಡಿದವರು ಮಷಿನ್ ಕೆಟ್ಟಿದೆ ಎನ್ನುತ್ತಾರೆ. ಅದೇ ತುಂಡನ್ನು 90 ಡಿಗ್ರಿ ತಿರುಗಿಸಿ ಇನ್ನೊಮ್ಮೆ ಹಾಕಿಸಿ. ಗೆರೆ ಚಿತ್ರದ ಜತೆಗೇ ತಿರುಗಿದರೆ ದೋಷ ಫೈಲಿನದು, ಬಾಚಣಿಗೆ ಗೆರೆಯ ಹಂತಕ್ಕೆ ಹಿಂದಿರುಗಿ. ಚಿತ್ರ ತಿರುಗಿಯೂ ಗೆರೆ ಶಾಯಿ ಚಿಮ್ಮುವ ಹೆಡ್ ಓಡುವ ದಿಕ್ಕಿನಲ್ಲೇ ಉಳಿದರೆ ಮಷಿನಿನದು, ನಾಜಲ್ (ಶಾಯಿ ಬರುವ ತೂತು) ಸ್ವಚ್ಛ ಮಾಡಿಸಿ, ಪಾಸ್ (ಹೆಡ್ ಒಂದೇ ಜಾಗದ ಮೇಲೆ ಓಡುವ ಸಲ) ಹೆಚ್ಚಿಸಿ ಹಾಕಲು ಹೇಳಿ. ಎರಡೂ ತುಂಡುಗಳನ್ನು ಪಕ್ಕಪಕ್ಕ ಹಿಡಿದು ತೋರಿಸಿದರೆ ವಾದಕ್ಕೆ ಜಾಗವೇ ಇರುವುದಿಲ್ಲ.